ಪೆಟ್ರೋಲು ಹೆಚ್ಚಿಸಿದವನೇ ಹೊಗೆಗೂ ಮದ್ದು ಹುಡುಕಿದ: ಯೂಜೀನ್ ಹೂಡ್ರಿಯ ಕತೆ

ಗ್ಯಾರೇಜಿನಲ್ಲಿ ಪೆಟ್ರೋಲ್ ಕಾರನ್ನು ಲಿಫ್ಟಿನ ಮೇಲೆ ಎತ್ತಿದಾಗ ಅದರ ಅಡಿಗೆ ಒಮ್ಮೆ ಕಣ್ಣು ಹಾಯಿಸಿ. ಎಂಜಿನ್ನಿನಿಂದ ಹೊರಟ ಹೊಗೆ ಕೊಳವೆ, ಸೈಲೆನ್ಸರ್ ಸೇರುವ ಮೊದಲೇ ಒಂದು ಕಡೆ ಇಲಿ ನುಂಗಿದ ಹಾವಿನಂತೆ ಉಬ್ಬಿಕೊಂಡಿರುತ್ತದೆ. ಈಚಿನ ಕಾರುಗಳಲ್ಲಿ ಆ ಉಬ್ಬು ಎಂಜಿನ್ನಿಗೆ ತೀರಾ ಹತ್ತಿರದಲ್ಲೇ ಇರುತ್ತದೆ. ಅದೇ ಕ್ಯಾಟಲಿಟಿಕ್ ಕನ್ವರ್ಟರ್.

ಇದರ ಬಗ್ಗೆ ಎರಡು ನಂಬಿಕೆಗಳು ನಮ್ಮಲ್ಲಿ ಚಾಲ್ತಿಯಲ್ಲಿವೆ. ಒಂದು, ಇದು ಟೀ ಸೋಸುವ ಜಾಲರಿಯಂತೆ ಹೊಗೆಯನ್ನು ಸೋಸುತ್ತದೆ ಎಂಬುದು. ಇನ್ನೊಂದು, ಇದನ್ನು ಕಿತ್ತು ಬರಿಯ ಕೊಳವೆ ಕೂರಿಸಿದರೆ ಗಾಡಿಯ ಮೈಲೇಜ್ ಹೆಚ್ಚುತ್ತದೆ, ಹೊಗೆಯಲ್ಲಿ ಏನೂ ವ್ಯತ್ಯಾಸ ಕಾಣುವುದಿಲ್ಲ ಎಂಬುದು. ಎರಡೂ ತಪ್ಪು. ಎರಡನೆಯದರಲ್ಲಿ ಒಂದು ಮಾತು ಮಾತ್ರ ನಿಜ: ವ್ಯತ್ಯಾಸ ಕಾಣುವುದಿಲ್ಲ. ಏಕೆಂದರೆ ಆ ಡಬ್ಬಿ ಹಿಡಿಯುವ ಅನಿಲಗಳು ಕಣ್ಣಿಗೆ ಕಾಣುವಂಥವೇ ಅಲ್ಲ.

ಈ ಡಬ್ಬಿಯನ್ನು ವಾಹನಕ್ಕೆಂದು ರೂಪಿಸಿ, ಅದಕ್ಕಾಗಿ ಕಂಪನಿಯನ್ನೇ ಕಟ್ಟಿ, ಅದು ರಸ್ತೆಗೆ ಬರುವ ಮೊದಲೇ ತೀರಿಕೊಂಡವನು ಯೂಜೀನ್ ಹೂಡ್ರಿ. ತೈಲ ಶುದ್ಧೀಕರಣ ಗೊತ್ತಿರುವ ಯಾರನ್ನೇ ಕೇಳಿ, ಅವರಿಗೆ ಈ ಹೆಸರು ಗೊತ್ತು. ಆದರೆ ಅವರಿಗೆ ಗೊತ್ತಿರುವುದು ಬೇರೆಯದೇ ಕಾರಣಕ್ಕೆ. ಕಚ್ಚಾ ತೈಲದಿಂದ ಹೆಚ್ಚು ಪೆಟ್ರೋಲು, ಅದೂ ಉತ್ತಮ ಪೆಟ್ರೋಲು ತೆಗೆಯುವುದನ್ನು ಜಗತ್ತಿಗೆ ಕಲಿಸಿದವನು ಅವನೇ. ರಸ್ತೆಗಳನ್ನು ಕಾರುಗಳಿಂದ ತುಂಬಿಸಿದ ಇಂಧನಕ್ಕೂ, ಆ ಇಂಧನದ ವಿಷ ಇಳಿಸುವ ಡಬ್ಬಿಗೂ ತಲೆ ಒಂದೇ.

ಟ್ಯಾಂಕು, ರೇಸು, ಕಂದು ಕಲ್ಲಿದ್ದಲು

ಹೂಡ್ರಿ ಹುಟ್ಟಿದ್ದು 1892ರ ಏಪ್ರಿಲ್ 18ರಂದು, ಪ್ಯಾರಿಸ್ಸಿನ ಹತ್ತಿರದ ದೋಮೋಂ ಎಂಬ ಊರಿನಲ್ಲಿ. ತಂದೆಯದು ಉಕ್ಕಿನ ಕಟ್ಟಡ ಸಾಮಗ್ರಿಯ ಕಾರ್ಖಾನೆ. ಮಗ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. 1911ರಲ್ಲಿ ತರಗತಿಗೆ ಮೊದಲಿಗನಾಗಿ ಚಿನ್ನದ ಪದಕ ಪಡೆದು ಹೊರಬಂದ. ಕಾಲೇಜಿನ ಫುಟ್‌ಬಾಲ್ ತಂಡಕ್ಕೂ ನಾಯಕನಾಗಿದ್ದ. ರಸಾಯನಶಾಸ್ತ್ರದ ಪದವಿ ಅವನಿಗೆ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಅವನು ಮಾಡಿದ್ದೆಲ್ಲ ರಸಾಯನಶಾಸ್ತ್ರವೇ.

ಅಪ್ಪನ ಕಾರ್ಖಾನೆ ಸೇರಿ ನೆಲೆ ನಿಲ್ಲುವಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಹೂಡ್ರಿ ಫ್ರಾನ್ಸಿನ ಹೊಸ ಟ್ಯಾಂಕು ದಳ ಸೇರಿದ. 1917ರ ಜುವಿಂಕೂರ್ ಕದನದಲ್ಲಿ ಕೆಟ್ಟು ನಿಂತ ಟ್ಯಾಂಕುಗಳನ್ನು ಗುಂಡಿನ ಸುರಿಮಳೆಯ ನಡುವೆಯೇ ರಿಪೇರಿ ಮಾಡಿಸಿದ, ಅಲ್ಲೇ ತೀವ್ರವಾಗಿ ಗಾಯಗೊಂಡ. ಅದಕ್ಕಾಗಿ ಸೇನೆ ಶೌರ್ಯ ಪದಕ ಕೊಟ್ಟಿತು.

ಯುದ್ಧ ಮುಗಿದ ಮೇಲೆ ಅವನಿಗೆ ಹತ್ತಿದ್ದು ರೇಸ್ ಕಾರಿನ ಹುಚ್ಚು. ಅಮೆರಿಕಕ್ಕೆ ಹೋಗಿ ಫೋರ್ಡ್ ಕಾರ್ಖಾನೆ ನೋಡಿದ, ಇಂಡಿಯಾನಾಪೊಲಿಸ್ಸಿನ ಪ್ರಸಿದ್ಧ ರೇಸನ್ನೂ ನೋಡಿದ. ನೋಡನೋಡುತ್ತ ಅವನಿಗೆ ಒಂದು ವಿಷಯ ಹೊಳೆಯಿತು. ಎಂಜಿನ್ನುಗಳನ್ನು ಇನ್ನಷ್ಟು ಬಲಶಾಲಿಯಾಗಿ ಮಾಡಲು ಎಂಜಿನಿಯರುಗಳಿಗೆ ಗೊತ್ತಿತ್ತು. ಅಡ್ಡಿಯಾಗಿದ್ದದ್ದು ಪೆಟ್ರೋಲು. ಎಂಜಿನ್ನಿನೊಳಗೆ ಗಾಳಿ–ಪೆಟ್ರೋಲಿನ ಮಿಶ್ರಣವನ್ನು ಹೆಚ್ಚು ಒತ್ತಿದಷ್ಟೂ ಶಕ್ತಿ ಹೆಚ್ಚು. ಆದರೆ ಕಳಪೆ ಪೆಟ್ರೋಲು ಅಷ್ಟು ಒತ್ತಡ ತಾಳದೆ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಹೊತ್ತಿಕೊಂಡು ಎಂಜಿನ್ನನ್ನು ಟಕಟಕ ಬಡಿಯುತ್ತಿತ್ತು. ಒತ್ತಡ ತಾಳುವ ಈ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ.

ಫ್ರಾನ್ಸಿನಲ್ಲಿ ತೈಲ ಬಾವಿಗಳು ಇಲ್ಲವೆನ್ನುವಷ್ಟು ಕಡಿಮೆ. ಇದ್ದದ್ದು ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು. ಅದರಿಂದ ಪೆಟ್ರೋಲು ತೆಗೆಯುವ ವಿದ್ಯೆ ತನಗೆ ಗೊತ್ತು ಎಂದು ನೀಸ್ ಪಟ್ಟಣದ ಔಷಧ ವ್ಯಾಪಾರಿಯೊಬ್ಬ ಹೇಳಿಕೊಳ್ಳುತ್ತಿದ್ದ. ಹೂಡ್ರಿ ಅವನನ್ನು ಹುಡುಕಿಕೊಂಡು ಹೋಗಿ ಜೊತೆ ಸೇರಿದ. 1929ರಲ್ಲಿ ಸರ್ಕಾರದ ನೆರವಿನೊಂದಿಗೆ ದಿನಕ್ಕೆ 60 ಟನ್ ಲಿಗ್ನೈಟ್ ಅರಗಿಸುವ ಘಟಕವೂ ಎದ್ದಿತು. ಪೆಟ್ರೋಲು ಬಂತು, ಆದರೆ ಲೆಕ್ಕ ಹಾಕಿದರೆ ಅಸಲೂ ಹುಟ್ಟುತ್ತಿರಲಿಲ್ಲ. ಘಟಕ ಮುಚ್ಚಿತು.

ಮದುವೆ ದಲ್ಲಾಳಿಯಂಥ ಜೇಡಿಮಣ್ಣು

ಲಿಗ್ನೈಟ್ ಕೈಕೊಟ್ಟರೂ ಒಂದು ಪಾಠ ಕೈಗೆ ಬಂದಿತ್ತು: ಕ್ರಿಯಾವರ್ಧಕ. ಅಂದರೇನು? ಮದುವೆ ದಲ್ಲಾಳಿಯನ್ನು ನೆನೆಸಿಕೊಳ್ಳಿ. ಗಂಡಿನ ಕಡೆಯವರನ್ನೂ ಹೆಣ್ಣಿನ ಕಡೆಯವರನ್ನೂ ಒಂದೆಡೆ ಕೂರಿಸಿ ಸಂಬಂಧ ಕುದುರಿಸುತ್ತಾನೆ, ತಾನು ಮಾತ್ರ ಇದ್ದಂತೆಯೇ ಇರುತ್ತಾನೆ, ಮರುದಿನ ಇನ್ನೊಂದು ಮನೆಗೆ ಹೊರಡುತ್ತಾನೆ. ಕ್ರಿಯಾವರ್ಧಕದ ಕೆಲಸವೂ ಅಷ್ಟೇ. ತನ್ನ ಮೈಮೇಲೆ ಅಣುಗಳನ್ನು ಕೂರಿಸಿಕೊಂಡು ಅವುಗಳ ನಡುವಿನ ಕ್ರಿಯೆಯನ್ನು ಸುಲಭ ಮಾಡುತ್ತದೆ, ತಾನು ಖರ್ಚಾಗುವುದಿಲ್ಲ.

ಆ ಕಾಲಕ್ಕೆ ತೈಲ ಕಂಪನಿಗಳು ಭಾರವಾದ, ಮಂದವಾದ ತೈಲವನ್ನು ಬರಿಯ ಶಾಖ ಮತ್ತು ಒತ್ತಡದಿಂದ ಒಡೆದು ಪೆಟ್ರೋಲು ಮಾಡುತ್ತಿದ್ದವು. ಹೂಡ್ರಿ ನೂರಾರು ವಸ್ತುಗಳನ್ನು ಪರೀಕ್ಷಿಸಿ ಕೊನೆಗೆ ಸಿಲಿಕಾ ಮತ್ತು ಅಲ್ಯೂಮಿನಾ ಇರುವ, ಆಮ್ಲದಿಂದ ಹದ ಮಾಡಿದ ಒಂದು ಬಗೆಯ ಜೇಡಿಮಣ್ಣಿನ ಬಳಿ ಬಂದು ನಿಂತ. ಬಿಸಿ ಮಾಡಿದ ಭಾರ ತೈಲದ ಆವಿಯನ್ನು ಇದರ ಮೇಲೆ ಹಾಯಿಸಿದರೆ ಉದ್ದುದ್ದ ಅಣುಗಳು ತುಂಡಾಗಿ ಒಳ್ಳೆಯ ಪೆಟ್ರೋಲು ಸಿಗುತ್ತಿತ್ತು.

ಒಂದು ತೊಡಕಿತ್ತು. ಹಾಲು ಕಾಸಿದ ಪಾತ್ರೆಯ ತಳ ಸೀಯುವಂತೆ ಕೆಲವೇ ನಿಮಿಷಗಳಲ್ಲಿ ಮಣ್ಣಿನ ಮೈಮೇಲೆ ಇದ್ದಿಲು ಕಟ್ಟಿಕೊಂಡು ಅದು ಸತ್ತಂತಾಗುತ್ತಿತ್ತು. ಬೇರೆಯವರು ಇಲ್ಲಿಗೇ ಕೈಬಿಟ್ಟಿದ್ದರು. ಹೂಡ್ರಿ ಮೆಕ್ಯಾನಿಕಲ್ ಎಂಜಿನಿಯರ್, ಅವನು ಇದನ್ನು ಯಂತ್ರದ ಸಮಸ್ಯೆಯಾಗಿ ನೋಡಿದ. ಇದ್ದಿಲು ಕಟ್ಟಿದ ತಕ್ಷಣ ತೈಲ ನಿಲ್ಲಿಸಿ ಬಿಸಿ ಗಾಳಿ ಬಿಟ್ಟರೆ ಇದ್ದಿಲು ಅಲ್ಲೇ ಉರಿದು ಹೋಗುತ್ತದೆ, ಮಣ್ಣು ಮತ್ತೆ ಚುರುಕಾಗುತ್ತದೆ. ಎರಡು ಮೂರು ಪಾತ್ರೆಗಳಿಟ್ಟು ಒಂದು ದುಡಿಯುವಾಗ ಇನ್ನೊಂದನ್ನು ತೊಳೆದರೆ ಕೆಲಸ ನಿಲ್ಲುವುದೇ ಇಲ್ಲ. ಇದ್ದಿಲು ಉರಿದ ಶಾಖವೂ ವ್ಯರ್ಥವಲ್ಲ, ಅದು ತೈಲ ಕಾಯಿಸಲು ಆಗುತ್ತದೆ. ಕ್ರಿಯಾವರ್ಧಕದ ಮೈಮೇಲೆ ಕೊಳೆಯನ್ನು ಗಾಳಿಯಿಂದ ಉರಿಸುವ ಈ ಉಪಾಯವನ್ನು ಮನಸ್ಸಿನಲ್ಲಿಡಿ, ಮುಂದೆ ಇದೇ ಕಾರಿನ ಅಡಿಗೆ ಬರುತ್ತದೆ.

ಫ್ರಾನ್ಸಿನಲ್ಲಿ ಹಣ ಹುಟ್ಟಲಿಲ್ಲ. 1930ರಲ್ಲಿ ವ್ಯಾಕ್ಯೂಮ್ ಆಯಿಲ್ ಕಂಪನಿಯ ಕರೆಯ ಮೇರೆಗೆ ಹೂಡ್ರಿ ಅಮೆರಿಕಕ್ಕೆ ಬಂದ. ಆರ್ಥಿಕ ಕುಸಿತದ ದಿನಗಳು, ಪಾಲುದಾರರು ಖರ್ಚಿಗೆ ಬೆಚ್ಚಿದರು. 1933ರಲ್ಲಿ ಸನ್ ಆಯಿಲ್ ಕಂಪನಿಯೂ ಕೈಜೋಡಿಸಿದ ಮೇಲೆ ಕೆಲಸ ಹಳಿಗೆ ಬಂತು. 1936ರಲ್ಲಿ ನ್ಯೂಜೆರ್ಸಿಯ ಪಾಲ್ಸ್‌ಬರೋದಲ್ಲಿ ದಿನಕ್ಕೆ 2000 ಬ್ಯಾರೆಲ್ಲಿನ ಘಟಕ, 1937ರಲ್ಲಿ ಪೆನ್ಸಿಲ್ವೇನಿಯಾದ ಮಾರ್ಕಸ್ ಹುಕ್‌ನಲ್ಲಿ ಅದಕ್ಕಿಂತ ಎಷ್ಟೋ ದೊಡ್ಡ ಘಟಕ. ಹಳೆಯ ವಿಧಾನದಲ್ಲಿ ಕಾಲು ಭಾಗ ಒಳ್ಳೆಯ ಪೆಟ್ರೋಲು ಬರುತ್ತಿದ್ದರೆ ಇಲ್ಲಿ ಸುಮಾರು ಅರ್ಧ. ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಡೆಗಳ ವಿಮಾನಗಳಿಗೆ ಬೇಕಾದ 100 ಆಕ್ಟೇನ್ ಇಂಧನಕ್ಕೆ ಈ ಘಟಕಗಳು ದೊಡ್ಡ ಆಸರೆಯಾದವು. ಹೂಡ್ರಿಯ ನಿಂತ ಪಾತ್ರೆಗಳ ಬದಲು ಕ್ರಿಯಾವರ್ಧಕದ ಪುಡಿಯೇ ದ್ರವದಂತೆ ಹರಿದಾಡುವ ವಿಧಾನ 1942ರಲ್ಲಿ ಬಂತು. ಮಂಗಳೂರಿನ ಎಂಆರ್‌ಪಿಎಲ್ ಸೇರಿದಂತೆ ಜಗತ್ತಿನ ಬಹುತೇಕ ದೊಡ್ಡ ರಿಫೈನರಿಗಳಲ್ಲಿ ಇಂದು ಇರುವುದು ಅದರ ಸಂತತಿಯೇ.

ಯುದ್ಧದ ಹೊತ್ತಿನ ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. 1940ರಲ್ಲಿ ಫ್ರಾನ್ಸ್ ಹಿಟ್ಲರನಿಗೆ ಶರಣಾಯಿತು, ವಿಶಿ ಸರ್ಕಾರ ಬಂತು. ಹೂಡ್ರಿ ಅದನ್ನು ಒಪ್ಪಲಿಲ್ಲ. ಅಮೆರಿಕದಲ್ಲಿ ಕೂತೇ ದ ಗಾಲ್ ಪರವಾಗಿ ಫ್ರಾನ್ಸ್ ಫಾರೆವರ್ ಎಂಬ ಸಂಘಟನೆಯನ್ನು ಮುನ್ನಡೆಸಿದ. ವಿಶಿ ಸರ್ಕಾರ ಅವನ ಪೌರತ್ವವನ್ನೇ ಕಿತ್ತುಕೊಂಡಿತು. ಆ ದೇಶಕ್ಕಾಗಿ ಟ್ಯಾಂಕಿನ ಪಕ್ಕ ನೆತ್ತರು ಸುರಿಸಿದ್ದವನು 1942ರ ಜನವರಿಯಲ್ಲಿ ಅಮೆರಿಕದ ಪ್ರಜೆಯಾದ.

ಲಾಸ್ ಏಂಜಲಿಸ್ಸಿನ ಕಣ್ಣುರಿ

ಯುದ್ಧ ಮುಗಿಯಿತು, ಕಾರುಗಳು ಹೆಚ್ಚಿದವು. ಲಾಸ್ ಏಂಜಲಿಸ್ ನಗರದ ಮೇಲೆ 1943ರಿಂದಲೇ ಕಂದು ಬಣ್ಣದ ಮಬ್ಬು ಕವಿಯತೊಡಗಿತ್ತು. ಜನರಿಗೆ ಕಣ್ಣುರಿ, ಗಂಟಲು ಕೆರೆತ. ಕಾರ್ಖಾನೆಗಳನ್ನೂ ಕಸ ಸುಡುವವರನ್ನೂ ಎಲ್ಲರೂ ಬೈದರು. ಅಲ್ಲಿನ ರಸಾಯನ ವಿಜ್ಞಾನಿ ಆರಿ ಹಾಗನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ಇದರ ಗುಟ್ಟು ಬಿಡಿಸಿದರು. ಉರಿಯದೆ ಹೊರಬಿದ್ದ ಪೆಟ್ರೋಲಿನ ಆವಿ ಮತ್ತು ಎಂಜಿನ್ನಿನ ಶಾಖದಲ್ಲಿ ಹುಟ್ಟುವ ಸಾರಜನಕದ ಆಕ್ಸೈಡುಗಳು ಬಿಸಿಲಿಗೆ ಸಿಕ್ಕಿ ಓಝೋನ್ ಮುಂತಾದ ಉರಿಬರಿಸುವ ಅನಿಲಗಳಾಗುತ್ತವೆ. ಅಂದರೆ ಮುಖ್ಯ ಆರೋಪಿ ಕಾರು.

ಹೂಡ್ರಿಗೆ ಆಗ ಅರವತ್ತರ ಆಸುಪಾಸು. ಹೆಸರು, ಹಣ ಎರಡೂ ಇದ್ದವು, ಹಾಯಾಗಿರಬಹುದಿತ್ತು. ಆದರೆ ವಾಹನಗಳ ಹೊಗೆಗೂ ಹೆಚ್ಚುತ್ತಿರುವ ಶ್ವಾಸಕೋಶದ ಕ್ಯಾನ್ಸರಿಗೂ ನಂಟಿದೆ ಎಂದು ಅವನಿಗೆ ಬಲವಾಗಿ ಅನ್ನಿಸಿತ್ತು. (ಆ ಕಾಲದ ಕ್ಯಾನ್ಸರ್ ಏರಿಕೆಗೆ ಮುಖ್ಯ ಕಾರಣ ಸಿಗರೇಟು ಎಂಬುದು ಇಂದು ಸ್ಪಷ್ಟ. ಹಾಗೆಂದು ಅವನ ಅನುಮಾನ ಪೂರ್ತಿ ಸುಳ್ಳೂ ಅಲ್ಲ: ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲಿ ಘೋಷಿಸಿತು.) 1950ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆಕ್ಸಿ-ಕ್ಯಾಟಲಿಸ್ಟ್ ಎಂಬ ಕಂಪನಿ ಶುರುಮಾಡಿದ.

ಉಪಾಯ ಹಳೆಯದೇ. ಇದ್ದಿಲನ್ನು ಕ್ರಿಯಾವರ್ಧಕದ ಮೇಲೆ ಉರಿಸಬಹುದಾದರೆ, ಎಂಜಿನ್ನಿನಲ್ಲಿ ಅರ್ಧ ಉರಿದು ಹೊರಬಂದ ಅನಿಲಗಳನ್ನು ಯಾಕೆ ಉರಿಸಬಾರದು? ಎಂಜಿನ್ನಿನೊಳಗೆ ಪೆಟ್ರೋಲಿಗೆ ಉರಿಯಲು ಸಿಗುವ ಸಮಯ ಸೆಕೆಂಡಿನ ತೀರಾ ಸಣ್ಣ ಪಾಲು. ಹಾಗಾಗಿ ಪೂರ್ತಿ ಉರಿಯದೆ ಕಾರ್ಬನ್ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ನುಗಳು ಉಳಿಯುತ್ತವೆ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಬಿಗಿಯಾಗಿ ಅಂಟಿಕೊಂಡು ಉಸಿರಾಡುತ್ತಿರುವಾಗಲೇ ಮನುಷ್ಯನನ್ನು ಕೊಲ್ಲುತ್ತದೆ. ಹೂಡ್ರಿ ಪಿಂಗಾಣಿಯ ಮೇಲೆ ಅಲ್ಯೂಮಿನಾದ ತೆಳು ಪದರ ಲೇಪಿಸಿ, ಅದರಲ್ಲಿ ಒಂದಿಷ್ಟು ಪ್ಲಾಟಿನಂ ಹರಡಿದ. ಬಿಸಿ ಹೊಗೆ, ಜೊತೆಗೆ ಸ್ವಲ್ಪ ಗಾಳಿ ಇದರ ಮೇಲೆ ಹಾಯ್ದರೆ ಮಾನಾಕ್ಸೈಡ್ ಹೋಗಿ ಡೈಆಕ್ಸೈಡ್ ಆಗುತ್ತದೆ, ಹೈಡ್ರೋಕಾರ್ಬನ್ ಹೋಗಿ ನೀರಾವಿ ಮತ್ತು ಡೈಆಕ್ಸೈಡ್ ಆಗುತ್ತದೆ. 1956ರಲ್ಲಿ ಇದಕ್ಕೆ ಅಮೆರಿಕದ ಪೇಟೆಂಟ್ ಸಿಕ್ಕಿತು.

ಈಗ ಗೊತ್ತಾಯಿತಲ್ಲ, ಇದು ಜಾಲರಿ ಯಾಕಲ್ಲ ಎಂದು? ಜಾಲರಿಯಲ್ಲಿ ಕಸ ಉಳಿಯುತ್ತದೆ, ಆಗಾಗ ಕೊಡವಬೇಕು. ಇಲ್ಲಿ ಏನೂ ಉಳಿಯುವುದಿಲ್ಲ, ವಿಷವೇ ಬೇರೆ ವಸ್ತುವಾಗಿ ಹೊರಬೀಳುತ್ತದೆ.

ಪ್ಲಾಟಿನಮ್ಮಿನ ವೈರಿ

ಹೂಡ್ರಿಯ ಡಬ್ಬಿ ಕಾರ್ಖಾನೆಯ ಚಿಮಣಿಗಳಲ್ಲಿ ಕೆಲಸ ಮಾಡಿತು. ಗೋದಾಮಿನೊಳಗೆ ಓಡಾಡುವ ಫೋರ್ಕ್‌ಲಿಫ್ಟುಗಳಿಗೂ ಹೊಂದಿತು. ಆದರೆ ಯಾವ ರಸ್ತೆಗಳಿಗಾಗಿ ಮಾಡಿದ್ದನೋ ಅಲ್ಲಿ ಸೋತಿತು. ಕಾರಣ ಸೀಸ.

1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ದ್ರವವನ್ನು ಚೂರು ಬೆರೆಸಿದರೆ ಎಂಜಿನ್ನಿನ ಬಡಿತ ನಿಲ್ಲುತ್ತದೆಂದು ಕಂಡುಹಿಡಿದಿದ್ದ. ಆಕ್ಟೇನ್ ಹೆಚ್ಚಿಸಲು ಇದಕ್ಕಿಂತ ಅಗ್ಗದ ದಾರಿ ಇರಲಿಲ್ಲ. ಅದನ್ನು ತಯಾರಿಸುವ ಕಡೆ 1924ರಲ್ಲೇ ಕಾರ್ಮಿಕರು ಸೀಸದ ವಿಷವೇರಿ ಸತ್ತರೂ ವ್ಯಾಪಾರ ನಿಲ್ಲಲಿಲ್ಲ. ಹೂಡ್ರಿಯ ವಿಧಾನದಿಂದ ಬಂದ ಉತ್ತಮ ಪೆಟ್ರೋಲಿಗೂ ಮೇಲಿಷ್ಟು ಸೀಸ ಬೆರೆಸಿಯೇ 100 ಆಕ್ಟೇನ್ ಮುಟ್ಟಿಸುತ್ತಿದ್ದರು. ಅವನ ಮೊದಲ ಆವಿಷ್ಕಾರದ ಪಕ್ಕದಲ್ಲೇ ಕೂತಿದ್ದ ಅದೇ ಸೀಸ ಎರಡನೆಯದರ ಕತ್ತು ಹಿಸುಕಿತು. ಹೊಗೆಯಲ್ಲಿ ಬಂದ ಸೀಸ ಪ್ಲಾಟಿನಮ್ಮಿನ ಮೈಮೇಲೆ ಪದರವಾಗಿ ಕೂತರೆ ಅಣುಗಳಿಗೆ ಜಾಗವೇ ಇಲ್ಲ. ಇದು ಇದ್ದಿಲಲ್ಲ, ಗಾಳಿ ಬಿಟ್ಟು ಉರಿಸಲು ಬರುವುದಿಲ್ಲ.

ಹೂಡ್ರಿ ಅದಕ್ಕೆ ಉತ್ತರ ಕಾಣದೆಯೇ 1962ರ ಜುಲೈ 18ರಂದು ಪೆನ್ಸಿಲ್ವೇನಿಯಾದಲ್ಲಿ ತೀರಿಕೊಂಡ. ವಯಸ್ಸು 70. ಸಮಸ್ಯೆ ಅವನ ಡಬ್ಬಿಯದಲ್ಲ, ಬಂಕಿನಲ್ಲಿ ಮಾರುತ್ತಿದ್ದ ಪೆಟ್ರೋಲಿನದು ಎಂಬುದು ನನ್ನ ಅಭಿಪ್ರಾಯ. ಅದನ್ನು ಬದಲಿಸುವುದು ಒಬ್ಬ ಎಂಜಿನಿಯರಿನ ಕೈಯಲ್ಲಿ ಇರಲಿಲ್ಲ, ಕಾನೂನು ಬೇಕಿತ್ತು.

ಕಾನೂನು ಬಂದದ್ದು 1970ರಲ್ಲಿ. ಐದು ವರ್ಷದೊಳಗೆ ಕಾರುಗಳ ಮಾನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್ 90% ಇಳಿಯಬೇಕೆಂದು ಅಮೆರಿಕ ಆದೇಶಿಸಿತು. ಕಾರು ಕಂಪನಿಗಳು ಗೋಳಾಡಿದವು. ಕೊನೆಗೆ 1975ರ ಮಾದರಿಯ ಹೆಚ್ಚಿನ ಅಮೆರಿಕನ್ ಕಾರುಗಳಲ್ಲಿ ಕನ್ವರ್ಟರ್ ಕೂತಿತು. ಅದು ಬದುಕಬೇಕಾದರೆ ಸೀಸವಿಲ್ಲದ ಪೆಟ್ರೋಲು ಬೇಕೇ ಬೇಕು, ಹಾಗಾಗಿ ಬಂಕುಗಳಿಗೂ ಅದು ಬಂತು. ಮಕ್ಕಳ ಮಿದುಳಿಗೆ ಹಾನಿ ಮಾಡುತ್ತಿದ್ದ ಸೀಸವನ್ನು ಪೆಟ್ರೋಲಿನಿಂದ ಹೊರಹಾಕಲು ಪ್ಲಾಟಿನಮ್ಮಿನ ಸೂಕ್ಷ್ಮ ಆರೋಗ್ಯ ನೆಪವಾಯಿತು. ಭಾರತದಲ್ಲಿ 1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು, 2000ದ ಫೆಬ್ರುವರಿಯಲ್ಲಿ ದೇಶವಿಡೀ ಸೀಸದ ಪೆಟ್ರೋಲು ನಿಂತಿತು. ಜಗತ್ತಿನಲ್ಲಿ ಕೊನೆಯದಾಗಿ ಅದನ್ನು ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ.

ಇಂದಿನ ಡಬ್ಬಿ, ಇಂದಿನ ತಪಾಸಣೆ

ಈಗಿನ ಕನ್ವರ್ಟರಿನೊಳಗೆ ಇರುವುದು ಜೇನುಗೂಡಿನಂಥ ಪಿಂಗಾಣಿ ದಿಮ್ಮಿ, ಒಂದು ಚದರ ಇಂಚಿಗೆ ನೂರಾರು ಸಣ್ಣ ಕಿಂಡಿಗಳು. ಕಿಂಡಿಗಳ ಗೋಡೆಗೆ ಅಲ್ಯೂಮಿನಾ, ಅದರ ಮೇಲೆ ಪ್ಲಾಟಿನಂ, ಪಲಾಡಿಯಂ, ರೋಡಿಯಂ. ಹೂಡ್ರಿಯ ಡಬ್ಬಿ ಎರಡು ವಿಷಗಳನ್ನು ಮಾತ್ರ ಉರಿಸುತ್ತಿತ್ತು. ಇದು ಮೂರನೆಯದಾದ ಸಾರಜನಕದ ಆಕ್ಸೈಡುಗಳಿಂದ ಆಮ್ಲಜನಕವನ್ನು ಕಿತ್ತು, ಬರಿಯ ಸಾರಜನಕವಾಗಿ ಬಿಡುತ್ತದೆ. ಒಂದೇ ಡಬ್ಬಿಯಲ್ಲಿ ಆಮ್ಲಜನಕ ಕೂಡಿಸುವುದೂ ಕಳೆಯುವುದೂ ನಡೆಯಬೇಕೆಂದರೆ ಮಿಶ್ರಣ ಕರಾರುವಾಕ್ಕಾಗಿರಬೇಕು: 1 ಕಿಲೊ ಪೆಟ್ರೋಲಿಗೆ ಸುಮಾರು 14.7 ಕಿಲೊ ಗಾಳಿ. ಹೊಗೆ ಕೊಳವೆಯಲ್ಲಿರುವ ಆಕ್ಸಿಜನ್ ಸೆನ್ಸರ್ ಕ್ಷಣಕ್ಷಣಕ್ಕೂ ಎಂಜಿನ್ನಿನ ಕಂಪ್ಯೂಟರಿಗೆ ವರದಿ ಕೊಡುತ್ತ ಈ ಲೆಕ್ಕ ತಪ್ಪದಂತೆ ನೋಡಿಕೊಳ್ಳುತ್ತದೆ.

ಈ ಡಬ್ಬಿ ತಣ್ಣಗಿದ್ದಾಗ ಕೆಲಸ ಮಾಡುವುದಿಲ್ಲ, ಸುಮಾರು 250–300 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಆದ್ದರಿಂದ ಹೊಸ ಕಾರು ಎಂಬ ಧೈರ್ಯದ ಮೇಲೆ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಚಾಲೂ ಇಡಬೇಡಿ. ಮೊದಲ ನಿಮಿಷಗಳಲ್ಲಿ ಹೊರಬರುವುದು ಹಳೆಯ ಕಾರಿನಂಥದೇ ವಿಷ. ಬಿಸಿಯಾದ ಮೇಲೆ ಒಣಹುಲ್ಲಿನ ಮೇಲೆ ನಿಲ್ಲಿಸಲೂ ಬೇಡಿ, ಹುಲ್ಲಿಗೆ ಬೆಂಕಿ ಹತ್ತಬಹುದು. ಬೆಳಿಗ್ಗೆ ಕೊಳವೆಯಿಂದ ನೀರು ತೊಟ್ಟಿಕ್ಕಿದರೆ ಗಾಬರಿ ಬೇಡ, ಪೆಟ್ರೋಲು ಉರಿದಾಗ ಹುಟ್ಟುವ ನೀರಾವಿಯೇ ಅದು.

ಇನ್ನು ನಾವೆಲ್ಲ ರಸ್ತೆ ಬದಿಯ ವ್ಯಾನಿನಲ್ಲೋ ಪೆಟ್ರೋಲ್ ಬಂಕಿನಲ್ಲೋ ಮಾಡಿಸುವ ಹೊಗೆ ತಪಾಸಣೆ. ಹಿಂದಿನ ಕೊಳವೆಗೆ ತುರುಕುವ ಸಲಾಕೆ ಹೊಗೆಯನ್ನು ಎಳೆದು ಯಂತ್ರಕ್ಕೆ ಕೊಡುತ್ತದೆ. ಯಂತ್ರ ಅದರ ಮೂಲಕ ಅವಗೆಂಪು ಕಿರಣ ಹಾಯಿಸುತ್ತದೆ. ಮಾನಾಕ್ಸೈಡ್, ಹೈಡ್ರೋಕಾರ್ಬನ್ ತಮಗೆ ಬೇಕಾದ ಕಿರಣಗಳನ್ನು ಮಾತ್ರ ಹೀರುತ್ತವೆ, ಎಷ್ಟು ಹೀರಿದವೆಂಬುದರಿಂದ ಎಷ್ಟಿವೆ ಎಂದು ತಿಳಿಯುತ್ತದೆ. ಬಿಎಸ್-4 ಮತ್ತು ನಂತರದ ಪೆಟ್ರೋಲ್ ಕಾರಿಗೆ ಐಡಲ್‌ನಲ್ಲಿ ಮಾನಾಕ್ಸೈಡ್ 0.3%, ಹೈಡ್ರೋಕಾರ್ಬನ್ 200 ಪಿಪಿಎಂ ಮೀರಬಾರದು. ಡೀಸೆಲ್ಲಿನ ಲೆಕ್ಕ ಬೇರೆ: ಆಕ್ಸಿಲರೇಟರ್ ಪೂರ್ತಿ ಒತ್ತಿ, ಹೊಗೆ ಎಷ್ಟು ಬೆಳಕನ್ನು ತಡೆಯುತ್ತದೆ ಎಂದು ನೋಡುತ್ತಾರೆ. ಹೊಸ ಗಾಡಿಗೆ ಮೊದಲ ವರ್ಷ ಬೇಡ. ಆಮೇಲೆ ಹಳೆಯ ಗಾಡಿಗಳಿಗೆ ಆರು ತಿಂಗಳಿಗೊಮ್ಮೆ, ಬಿಎಸ್-4 ಮತ್ತು ಬಿಎಸ್-6 ಗಾಡಿಗಳಿಗೆ ವರ್ಷಕ್ಕೊಮ್ಮೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಮಾಡಿಸಬೇಕು ಎಂಬುದಕ್ಕೆ ಕಾರಣವನ್ನು ಈಗಷ್ಟೇ ಓದಿದಿರಿ.

ಕನ್ವರ್ಟರ್ ಕಿತ್ತ ಕಾರಿನ ವಿಷಯಕ್ಕೆ ಬರೋಣ. ಮೈಲೇಜ್ ನಿರ್ಧರಿಸುವುದು ಎಂಜಿನ್ ಎಷ್ಟು ಪೆಟ್ರೋಲು ಕುಡಿಯುತ್ತದೆ ಎಂಬುದು. ಸರಿಯಾಗಿರುವ ಕನ್ವರ್ಟರ್ ಒಡ್ಡುವ ತಡೆ ಅಲ್ಪ. ಕಟ್ಟಿಕೊಂಡ ಅಥವಾ ಕರಗಿದ ಕನ್ವರ್ಟರ್ ನಿಜಕ್ಕೂ ಗಾಡಿಯ ಉಸಿರು ಕಟ್ಟಿಸುತ್ತದೆ, ಅದನ್ನು ಕಿತ್ತಾಗ ಸಿಗುವ ಸುಧಾರಣೆಯೇ ಈ ನಂಬಿಕೆಯ ಬೇರು. ಆದರೆ ಅದು ಕೆಡುವುದು ಬಹುಪಾಲು ಎಂಜಿನ್ನಿನ ದೋಷದಿಂದ: ಹಾಳಾದ ಸ್ಪಾರ್ಕ್ ಪ್ಲಗ್ಗಿನಿಂದ ಉರಿಯದ ಪೆಟ್ರೋಲು ಒಳಗೆ ಹೋಗಿ ಅಲ್ಲಿ ಉರಿದು ಪಿಂಗಾಣಿಯನ್ನೇ ಕರಗಿಸುತ್ತದೆ, ಇಲ್ಲವೇ ಸೋರಿದ ಎಂಜಿನ್ ಆಯಿಲ್ ಸೀಸದಂತೆಯೇ ಪ್ಲಾಟಿನಮ್ಮನ್ನು ಮುಚ್ಚುತ್ತದೆ. ಐಡಲ್ ತಪಾಸಣೆಯಲ್ಲಿ ಸಾರಜನಕದ ಆಕ್ಸೈಡುಗಳನ್ನು ಅಳೆಯುವುದೇ ಇಲ್ಲ, ಹಾಗಾಗಿ ಆ ಕೆಲಸ ನಿಲ್ಲಿಸಿದ ಕನ್ವರ್ಟರ್ ಸರ್ಟಿಫಿಕೇಟಿನ ಕಣ್ಣಿಗೆ ಬೀಳದೆ ಹೋಗಬಹುದು. ಈಚಿನ ಕಾರುಗಳಲ್ಲಿ ಕನ್ವರ್ಟರಿನ ಆಚೆ ಬದಿಗೂ ಒಂದು ಆಕ್ಸಿಜನ್ ಸೆನ್ಸರ್ ಇರುತ್ತದೆ. ಈಚೆ ಆಚೆ ಎರಡರ ವರದಿಯೂ ಒಂದೇ ಥರ ಏರಿಳಿಯತೊಡಗಿದರೆ, ಡಬ್ಬಿ ಏನೂ ಮಾಡುತ್ತಿಲ್ಲ ಎಂದು ಕಂಪ್ಯೂಟರಿಗೆ ಗೊತ್ತಾಗಿ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತುತ್ತದೆ. ಆ ದೀಪ ಹತ್ತಿದ್ದರೆ ಕೈಯಲ್ಲಿ ಸರ್ಟಿಫಿಕೇಟ್ ಇದ್ದರೂ ಮೊದಲು ಮೆಕ್ಯಾನಿಕ್ ಹತ್ತಿರ ಹೋಗಿ, ಡಬ್ಬಿಯ ಜೊತೆಗೆ ಪ್ಲಗ್ಗನ್ನೂ ಎಂಜಿನ್ ಆಯಿಲ್ ಸೋರಿಕೆಯನ್ನೂ ನೋಡಲು ಹೇಳಿ.